ಒಂದೇ ಬಾಲದ ಎರಡು ಗುಳಿಗೆ

ಕುಂಬಳೆಯಿಂದ ಬೆಳಗ್ಗೆ ಮಂಗಳೂರಿಗೆ ಹೋಗುವ ಬಸ್ಸಿನಲ್ಲಿ ಯಾರು ಕೆಲಸಕ್ಕೆ ಹೊರಟವರು, ಯಾರು ಆಸ್ಪತ್ರೆಗೆ ಹೊರಟವರು ಎಂದು ಕೈಯಲ್ಲಿರುವ ಚೀಲ ನೋಡಿಯೇ ಹೇಳಬಹುದು. ಆಸ್ಪತ್ರೆಯವರ ಚೀಲದಿಂದ ಎಕ್ಸ್‌ರೇಯ ಉದ್ದನೆಯ ಲಕೋಟೆ ಇಣುಕುತ್ತಿರುತ್ತದೆ. ಕಳೆದ ಮಳೆಗಾಲದಲ್ಲಿ ನೀರ್ಚಾಲಿನ ನಮ್ಮ ಚಿಕ್ಕಮ್ಮನನ್ನು ಹಾಗೆ ಕರೆದುಕೊಂಡು ಹೋಗುತ್ತಿದ್ದೆ. ಉಪ್ಪಳದಲ್ಲಿ ಹತ್ತಿದ ಹಿರಿಯರೊಬ್ಬರು ಪಕ್ಕದ ಸೀಟಿನಲ್ಲಿ ಕೂತರು. ಕಾಯಿಲೆಯವರಿಗೆ ಗೆಳೆತನ ಬೇಗ ಕುದುರುತ್ತದೆ. ತಲಪಾಡಿ ಬರುವಷ್ಟರಲ್ಲಿ ಇಬ್ಬರೂ ತಮ್ಮ ತಮ್ಮ ಗುಳಿಗೆಯ ಸ್ಟ್ರಿಪ್ ತೆಗೆದು ತೋರಿಸಿಕೊಂಡಿದ್ದರು. ಅವರದ್ದು ಇಮಾಟಿನಿಬ್. ಹನ್ನೊಂದು ವರ್ಷದಿಂದ ರಕ್ತದ ಕ್ಯಾನ್ಸರಿಗೆ ನುಂಗುತ್ತಿದ್ದಾರೆ. ಚಿಕ್ಕಮ್ಮನದ್ದು ಟೊಫಾಸಿಟಿನಿಬ್. ಬೆರಳಿನ ಗಂಟುಗಳೆಲ್ಲ ಬಾತು, ಬೆಳಗ್ಗೆ ಎದ್ದು ಒಂದು ಗಂಟೆ ಕಾಲ ಕಡೆಗೋಲನ್ನೂ ಹಿಡಿಯಲಾಗದ ಆಮವಾತ ಅವರಿಗೆ.

ವಾಪಸು ಬರುವಾಗ ಚಿಕ್ಕಮ್ಮ ಕೇಳಿದರು: "ಅಲ್ಲ ಮಾಣಿ, ಅವರದ್ದು ಕ್ಯಾನ್ಸರು, ನನ್ನದು ಗಂಟುನೋವು. ಎರಡು ಮದ್ದಿಗೂ ಒಂದೇ ಬಾಲ ಯಾಕೆ? ನನಗೆ ಹೇಳದೆ ಏನಾದರೂ ಮುಚ್ಚಿಟ್ಟಿದ್ದೀಯೋ?"

ಮುಚ್ಚಿಟ್ಟದ್ದು ಏನೂ ಇರಲಿಲ್ಲ. ಆದರೆ ಅವರ ಪ್ರಶ್ನೆ ಬಸ್ಸು ಇಳಿಯುವುದರೊಳಗೆ ಉತ್ತರಿಸಿ ಮುಗಿಸುವಂಥದ್ದೂ ಆಗಿರಲಿಲ್ಲ.

'ನಿಬ್' ಎಂಬ ಬಾಲವನ್ನು ಕಂಪನಿಯವರು ಚಂದಕ್ಕೆ ಅಂಟಿಸಿದ್ದಲ್ಲ. ಬ್ರ್ಯಾಂಡಿನ ಹೆಸರು ಏನೇ ಇರಲಿ, ಮದ್ದಿನ ಮೂಲ ಹೆಸರು ಜಗತ್ತಿಗೆಲ್ಲ ಒಂದೇ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ನಡೆಸಿಕೊಂಡು ಬಂದ ಪದ್ಧತಿಯಲ್ಲಿ ಅದು ಮನೆತನದ ಹೆಸರಿನ ಹಾಗೆ. ಕೈನೇಸ್ ಎಂಬ ಕಿಣ್ವಗಳನ್ನು ತಡೆಯುವ ಮದ್ದುಗಳ ಮನೆತನ ಇದು. ಬಾಲದ ಹಿಂದಿನ ಅಕ್ಷರಗಳನ್ನು ನೋಡಿದರೆ ಕವಲು ಯಾವುದೆಂದೂ ತಿಳಿಯುತ್ತದೆ: 'ಟಿನಿಬ್' ಎಂದಿದ್ದರೆ ಟೈರೋಸಿನ್ ಕೈನೇಸನ್ನು ತಡೆಯುವಂಥದ್ದು, ಅದರಲ್ಲೇ 'ಸಿಟಿನಿಬ್' ಎಂದಿದ್ದರೆ ಜ್ಯಾಕ್ ಎಂಬ ಕೈನೇಸ್‌ಗಳ ಗುಂಪಿನದು, 'ಬ್ರುಟಿನಿಬ್' ಎಂದಿದ್ದರೆ ಬಿಟಿಕೆ ಎಂಬ ಇನ್ನೊಂದು ಕೈನೇಸಿಗೆ ಸಂಬಂಧಿಸಿದ್ದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಒಪ್ಪಿಗೆ ಕೊಟ್ಟ ಇಂತಹ ಮದ್ದುಗಳ ಸಂಖ್ಯೆ ಈಗ 80 ದಾಟಿದೆ. ಅವುಗಳಲ್ಲಿ ಬಹುಪಾಲು ಕ್ಯಾನ್ಸರಿಗೆ. ಆಮವಾತ, ಸೋರಿಯಾಸಿಸ್, ಕರುಳಿನ ಉರಿಯೂತದಂತಹ ಕಾಯಿಲೆಗಳ ಪಾಲಿಗೆ ಬಂದದ್ದು ತೀರ ಕಡಿಮೆ. ಮನೆತನ ಒಂದೇ ಆಗಿರುವಾಗ ಒಂದು ಕಡೆ ಅಷ್ಟು ಹುಲುಸು, ಇನ್ನೊಂದು ಕಡೆ ಇಷ್ಟು ಬಡತನ ಯಾಕೆ ಎಂಬಲ್ಲಿ ಚಿಕ್ಕಮ್ಮನ ಪ್ರಶ್ನೆಯ ತಿರುಳಿದೆ.

ಕೈನೇಸ್ ಎಂಬುದು ಚಲನೆ ಎಂಬ ಅರ್ಥದ ಗ್ರೀಕ್ ಮೂಲದಿಂದ ಬಂದ ಮಾತು. ನಮ್ಮ ಕಿವಿಗೆ ಅದರಲ್ಲಿ 'ಕೈ' ಕೇಳಿಸುತ್ತದೆ, ಮತ್ತು ಅದು ಮಾಡುವುದೂ ಕೈಯ ಕೆಲಸವನ್ನೇ. ಜೀವಕೋಶದೊಳಗೆ ಎಟಿಪಿ ಎಂಬ ಶಕ್ತಿಯ ಅಣುವಿನಿಂದ ಒಂದು ಫಾಸ್ಫೇಟನ್ನು ಎತ್ತಿ ಇನ್ನೊಂದು ಪ್ರೋಟೀನಿಗೆ ಅಂಟಿಸುತ್ತದೆ. ಅಂಟಿದ ಕೂಡಲೇ ಆ ಪ್ರೋಟೀನಿನ ಆಕಾರ ತುಸು ಬದಲಾಗಿ, ಸುಮ್ಮನಿದ್ದದ್ದು ಕೆಲಸಕ್ಕೆ ತೊಡಗುತ್ತದೆ. ಕೆಲವೊಮ್ಮೆ ಕೆಲಸದಲ್ಲಿದ್ದದ್ದು ಸುಮ್ಮನಾಗುತ್ತದೆ. ಅಂಟಿಸಿದ್ದನ್ನು ಕಿತ್ತು ಹಾಕಲು ಫಾಸ್ಫಟೇಸ್ ಎಂಬ ಬೇರೆ ಕಿಣ್ವಗಳಿವೆ. ಎಡ್ವಿನ್ ಕ್ರೆಬ್ಸ್ ಮತ್ತು ಎಡ್ಮಂಡ್ ಫಿಶರ್ 1950ರ ದಶಕದಲ್ಲಿ ಸ್ನಾಯುವಿನ ಕಿಣ್ವವೊಂದರಲ್ಲಿ ಈ ಅಂಟಿಸುವ, ಕೀಳುವ ಆಟವನ್ನು ಕಂಡರು. ಅದಕ್ಕೆ ನೊಬೆಲ್ ಬಂದದ್ದು 1992ರಲ್ಲಿ. 2002ರಲ್ಲಿ ಮನುಷ್ಯನ ಜೀನೋಮಿನಲ್ಲಿ ಎಣಿಸಿ ನೋಡಿದಾಗ ಸಿಕ್ಕಿದ ಕೈನೇಸ್‌ಗಳು 518.

ತೋಟ ಇರುವವರಿಗೆ ಇದನ್ನು ಪಂಪಿನ ಸ್ಟಾರ್ಟರಿಗೆ ಹೋಲಿಸಿ ಹೇಳಿದರೆ ಬೇಗ ತಿಳಿಯುತ್ತದೆ. ಚಿಕ್ಕಮ್ಮನಿಗೂ ನಾನು ಹಾಗೆಯೇ ಹೇಳಿದೆ. ಹಸಿರು ಗುಂಡಿ ಒತ್ತಿದರೆ ನೀರು, ಕೆಂಪು ಒತ್ತಿದರೆ ನಿಲುಗಡೆ. ಹಸಿರು ಗುಂಡಿ ಒತ್ತಿದ್ದು ಮೇಲಕ್ಕೆ ಬಾರದೆ ಅಲ್ಲೇ ಸಿಕ್ಕಿಕೊಂಡರೆ ಏನಾಗುತ್ತದೆ? ಕೆರೆ ಬತ್ತುವವರೆಗೂ ಪಂಪು ಓಡುತ್ತಲೇ ಇರುತ್ತದೆ. ಉಪ್ಪಳದ ಹಿರಿಯರ ಮೂಳೆಮಜ್ಜೆಯಲ್ಲಿ ಆದದ್ದು ಅದೇ. 1960ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಪೀಟರ್ ನೋವೆಲ್ ಮತ್ತು ಡೇವಿಡ್ ಹಂಗರ್‌ಫೋರ್ಡ್ ಈ ಬಗೆಯ ರಕ್ತದ ಕ್ಯಾನ್ಸರ್ ಇದ್ದವರ ಕೋಶಗಳಲ್ಲಿ ಒಂದು ಮೊಟಕು ಕ್ರೋಮೋಸೋಮನ್ನು ಕಂಡರು. 9ನೆಯ ಮತ್ತು 22ನೆಯ ಕ್ರೋಮೋಸೋಮುಗಳು ತುಂಡುಗಳನ್ನು ಅದಲುಬದಲು ಮಾಡಿಕೊಂಡದ್ದರಿಂದ ಹಾಗಾಗಿದೆ ಎಂದು 1973ರಲ್ಲಿ ಜ್ಯಾನೆಟ್ ರೌಲಿ ತೋರಿಸಿದರು. ಆ ಅದಲುಬದಲಿನಲ್ಲಿ ಎರಡು ಜೀನುಗಳು ಬೆಸೆದು ಹುಟ್ಟಿದ ಬಿಸಿಆರ್-ಎಬಿಎಲ್ ಎಂಬ ಕೈನೇಸ್ ಯಾರ ಅಪ್ಪಣೆಗೂ ಕಾಯುವುದಿಲ್ಲ. 'ಬೆಳೆ, ಒಡೆ, ಬೆಳೆ' ಎಂದು ಬಿಳಿ ರಕ್ತಕಣಗಳಿಗೆ ಹೇಳುತ್ತಲೇ ಇರುತ್ತದೆ.

ಹಳೆಯ ಕೀಮೋಥೆರಪಿ ಇಂತಹ ಹೊತ್ತಿನಲ್ಲಿ ಟ್ರಾನ್ಸ್‌ಫಾರ್ಮರಿನ ಫ್ಯೂಸನ್ನೇ ಕಿತ್ತ ಹಾಗೆ. ಪಂಪು ನಿಲ್ಲುತ್ತದೆ, ಊರಿನ ದೀಪವೂ ಆರುತ್ತದೆ. ಕೈನೇಸ್ ತಡೆಯುವ ಮದ್ದಿನ ಆಸೆ ಕೆಟ್ಟ ಸ್ಟಾರ್ಟರೊಂದನ್ನೇ ಹುಡುಕಿ ನಿಲ್ಲಿಸುವುದು. ಆದರೆ 518 ಸ್ಟಾರ್ಟರುಗಳಿಗೆ ವಿದ್ಯುತ್ತು ಒಳಬರುವ ಸಂದು, ಅಂದರೆ ಎಟಿಪಿ ಕೂರುವ ಗೂಡು, ಹೆಚ್ಚುಕಡಿಮೆ ಒಂದೇ ಅಚ್ಚಿನದು. ಒಂದರ ಸಂದಿಗೆ ಬೆಣೆ ಹೊಡೆದರೆ ನೂರರ ಸಂದಿಗೂ ಹೊಡೆದಂತೆ. 1977ರಲ್ಲಿ ಜಪಾನಿನಲ್ಲಿ ಸತೋಶಿ ಓಮುರಾ ಅವರ ತಂಡ ಮಣ್ಣಿನ ಬ್ಯಾಕ್ಟೀರಿಯಾದಿಂದ ಬೇರ್ಪಡಿಸಿದ ಸ್ಟಾರೋಸ್ಪೋರಿನ್ ಇದಕ್ಕೆ ಸಾಕ್ಷಿ. ಅದು ಸಿಕ್ಕ ಸಿಕ್ಕ ಕೈನೇಸನ್ನೆಲ್ಲ ತಡೆಯುತ್ತದೆ, ಆದ್ದರಿಂದಲೇ ಮದ್ದಾಗಲಿಲ್ಲ. ಅದರ ರೂಪಾಂತರವೊಂದು ಒಂದು ಬಗೆಯ ರಕ್ತದ ಕ್ಯಾನ್ಸರಿಗೆ ಮದ್ದಾಗಿ ಬರಲು 2017ರವರೆಗೆ ಕಾಯಬೇಕಾಯಿತು. ಸಾಲದ್ದಕ್ಕೆ ಕೋಶದೊಳಗೆ ಎಟಿಪಿ ತುಂಬಿ ತುಳುಕುತ್ತಿರುತ್ತದೆ. ಅಷ್ಟು ದಟ್ಟಣೆಯಲ್ಲಿ ನುಗ್ಗಿ ಗೂಡು ಹಿಡಿಯುವುದು ಓಣಂ ಹಿಂದಿನ ದಿನ ರೈಲಿನಲ್ಲಿ ಸೀಟು ಹಿಡಿದ ಹಾಗೆ.

ಬಹಳ ಕಾಲ ಔಷಧ ಕಂಪನಿಗಳ ರಸಾಯನ ವಿಜ್ಞಾನಿಗಳೇ ಇದು ಆಗದ ಮಾತು ಎಂದುಕೊಂಡಿದ್ದರು. ಆಗುತ್ತದೆ ಎಂದು ತೋರಿಸಿದ್ದು ಇಮಾಟಿನಿಬ್. ಸ್ವಿಟ್ಜರ್ಲೆಂಡಿನ ಸೀಬಾ-ಗೈಗಿ ಕಂಪನಿಯಲ್ಲಿ ನಿಕೋಲಸ್ ಲೈಡನ್ ಮತ್ತು ಯೂರ್ಗ್ ತ್ಸಿಮ್ಮರ್‌ಮನ್ ಅವರ ಕೆಲಸ ಅದಕ್ಕೆ ಬುನಾದಿ. ರೋಗಿಗಳ ಮೇಲೆ ಪ್ರಯೋಗ ಆಗಲೇಬೇಕೆಂದು ಹಟ ಹಿಡಿದವರು ಅಮೆರಿಕದ ವೈದ್ಯ ಬ್ರಯಾನ್ ಡ್ರಕರ್. ಎಬಿಎಲ್ ಕೈನೇಸ್ ಸುಮ್ಮನಿರುವಾಗ ಮಾತ್ರ ತೆರೆದುಕೊಳ್ಳುವ ಒಂದು ಒಳಸಂದಿಯಲ್ಲಿ ಈ ಅಣು ಕೂರುತ್ತದೆ. ಓಡುವ ಸ್ಟಾರ್ಟರುಗಳೆಲ್ಲ ಒಂದೇ ತರ ಕಂಡರೂ ನಿಂತಾಗ ಒಂದೊಂದು ಒಂದೊಂದು ಭಂಗಿಯಲ್ಲಿ ನಿಲ್ಲುತ್ತದೆ, ಆ ಭಂಗಿಯಲ್ಲೇ ಗುರುತು ಸಿಗುತ್ತದೆ. ಮೊದಲ ಹಂತದ ಪ್ರಯೋಗದಲ್ಲಿ ದಿನಕ್ಕೆ 300 ಮಿಲಿಗ್ರಾಂ ಅಥವಾ ಹೆಚ್ಚು ಪಡೆದ 54 ಮಂದಿಯಲ್ಲಿ 53 ಮಂದಿಯ ರಕ್ತದ ಎಣಿಕೆ ಸರಿಹೋಯಿತು. ವೈದ್ಯಕೀಯದಲ್ಲಿ ಇಂತಹ ಅಂಕಿ ದಿನಾ ಕಾಣಸಿಗುವುದಿಲ್ಲ. 2001ರ ಮೇ ತಿಂಗಳಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ದೊಡ್ಡ ಪ್ರಯೋಗದಲ್ಲಿ ಈ ಗುಳಿಗೆಯಿಂದ ಚಿಕಿತ್ಸೆ ಶುರು ಮಾಡಿದವರಲ್ಲಿ ಶೇ. 83 ಮಂದಿ ಹತ್ತು ವರ್ಷದ ಬಳಿಕವೂ ಬದುಕಿದ್ದರು.

ಕ್ಯಾನ್ಸರು ಸುಮ್ಮನೆ ಕೂರುವ ಪೈಕಿ ಅಲ್ಲ. ಇಮಾಟಿನಿಬ್ ಕೂರುವ ಗೂಡಿನ ಬಾಗಿಲಲ್ಲಿ 315ನೆಯ ಸ್ಥಾನದ ಒಂದೇ ಒಂದು ಅಮೈನೋ ಆಮ್ಲ ಬದಲಾದರೆ ಸಾಕು, ಮದ್ದು ಒಳಗೆ ಹೋಗಲಾರದು. ಅದಕ್ಕೆ 2012ರಲ್ಲಿ ಪೊನಾಟಿನಿಬ್ ಬಂತು. ಮರುವರ್ಷವೇ ರಕ್ತನಾಳಗಳಲ್ಲಿ ಹೆಪ್ಪುಗಟ್ಟುವ ಅಪಾಯ ಕಂಡು ಅದರ ಮಾರಾಟವನ್ನು ಕೆಲಕಾಲ ನಿಲ್ಲಿಸಬೇಕಾಯಿತು. 2021ರಲ್ಲಿ ಬಂದ ಅಸಿಮಿನಿಬ್ ಆ ಬಾಗಿಲಿನ ಗೊಡವೆಗೇ ಹೋಗದೆ ಹಿತ್ತಿಲ ಕಡೆಯ ಇನ್ನೊಂದು ಗೂಡು ಹಿಡಿಯಿತು. ಶ್ವಾಸಕೋಶದ ಕ್ಯಾನ್ಸರಿನಲ್ಲೂ ಇದೇ ಓಟ: ಗೆಫಿಟಿನಿಬ್, ಎರ್ಲೋಟಿನಿಬ್ ಬಂದವು, ಇಜಿಎಫ್‌ಆರ್ ಕೈನೇಸ್ ವೇಷ ಬದಲಿಸಿತು, 2015ರಲ್ಲಿ ಒಸಿಮೆರ್ಟಿನಿಬ್ ಬಂತು, ಕೈನೇಸ್ ಮತ್ತೊಂದು ವೇಷ ಹಾಕಿತು. ಯಕ್ಷಗಾನದಲ್ಲಾದರೆ ಬೆಳಗಾಗುವಷ್ಟರಲ್ಲಿ ಮಂಗಳ ಹಾಡುತ್ತಾರೆ.

ಅಡಿಕೆಯ ನಾಡಿನವನಾಗಿ ಇಲ್ಲಿ ಒಂದು ಮುಜುಗರದ ಮಾತನ್ನೂ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅಡಿಕೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿ ಎರಡು ದಶಕ ಕಳೆಯಿತು. ಕವಳ ಹಾಕುವ ನಮ್ಮವರಿಗೆ ಬರುವ ಬಾಯಿಯ ಕ್ಯಾನ್ಸರಿನಲ್ಲಿ ರಕ್ತದ ಕ್ಯಾನ್ಸರಿನಂತೆ ಒಂದೇ ಗುಂಡಿ ಸಿಕ್ಕಿಕೊಂಡಿರುವುದಿಲ್ಲ. ಹತ್ತಾರು ಕಡೆ ತಂತಿ ಕೆಟ್ಟಿರುತ್ತದೆ. ಆದ್ದರಿಂದ 'ನಿಬ್' ಒಂದೇ ಅಲ್ಲಿ ಪವಾಡ ಮಾಡಲಿಲ್ಲ. ಮುಂಬಯಿಯ ಟಾಟಾ ಮೆಮೋರಿಯಲ್ ವೈದ್ಯರು ತಲೆ ಮತ್ತು ಕುತ್ತಿಗೆಯ ಮುಂದುವರಿದ ಕ್ಯಾನ್ಸರಿಗೆ ಎರ್ಲೋಟಿನಿಬ್, ಮೆಥೊಟ್ರೆಕ್ಸೇಟ್, ಸೆಲೆಕೊಕ್ಸಿಬ್ ಎಂಬ ಮೂರು ಅಗ್ಗದ ಗುಳಿಗೆಗಳನ್ನು ಒಟ್ಟಿಗೆ ಕೊಟ್ಟು ನೋಡಿದರು. ಅದರ ಜತೆಗೆ ನಿವೊಲುಮ್ಯಾಬ್ ಎಂಬ ದುಬಾರಿ ಚುಚ್ಚುಮದ್ದನ್ನು ತೀರ ಕಡಿಮೆ ಪ್ರಮಾಣದಲ್ಲಿ, ಮೂರು ವಾರಕ್ಕೆ 20 ಮಿಲಿಗ್ರಾಂನಂತೆ ಸೇರಿಸಿದಾಗ ಒಂದು ವರ್ಷ ಬದುಕಿದವರ ಪ್ರಮಾಣ ಶೇ. 16ರಿಂದ 43ಕ್ಕೆ ಏರಿತು. ಆ ಏರಿಕೆಯ ಶ್ರೇಯ ಚುಚ್ಚುಮದ್ದಿನದು. ಆದರೂ ಬಡವರ ಜೇಬು ನೋಡಿ ರೂಪಿಸಿದ ಇಂತಹ ಪ್ರಯೋಗಕ್ಕೆ ನಾನು ಹತ್ತು ಹೊಸ ಅಣುಗಳಷ್ಟೇ ಬೆಲೆ ಕೊಡುತ್ತೇನೆ.

ಇನ್ನು ಚಿಕ್ಕಮ್ಮನ ಗುಳಿಗೆ. ಅವರ ದೇಹದಲ್ಲಿ ಯಾವ ಗುಂಡಿಯೂ ಸಿಕ್ಕಿಕೊಂಡಿಲ್ಲ. ಸ್ಟಾರ್ಟರುಗಳೆಲ್ಲ ಸರಿಯಾಗಿಯೇ ಇವೆ. ಒತ್ತುವವರು ಮಾತ್ರ ತಪ್ಪು ಹೊತ್ತಿನಲ್ಲಿ ಒತ್ತುತ್ತಿದ್ದಾರೆ. ರೋಗಾಣುವಿನ ಮೇಲೆ ಹೋಗಬೇಕಾದ ರಕ್ಷಣಾ ವ್ಯವಸ್ಥೆ ತನ್ನದೇ ಗಂಟುಗಳ ಮೇಲೆ ಹೋಗಿದೆ. ಇಂಟರ್‌ಲ್ಯೂಕಿನ್, ಇಂಟರ್‌ಫೆರಾನ್ ಮುಂತಾದ ಸಂದೇಶದ ಪ್ರೋಟೀನುಗಳು ಕೋಶದ ಹೊರಗೋಡೆಯನ್ನು ತಟ್ಟುತ್ತವೆ. ಆ ತಟ್ಟುವಿಕೆಯನ್ನು ಒಳಗೆ ದಾಟಿಸುವವು ಜ್ಯಾಕ್ ಕೈನೇಸ್‌ಗಳು. 1980ರ ದಶಕದ ಕೊನೆಯಲ್ಲಿ ಇವು ಸಿಕ್ಕಿದಾಗ, ಆಗಲೇ ಕೈನೇಸ್‌ಗಳ ರಾಶಿ ಬಿದ್ದಿದ್ದರಿಂದ, 'ಇದೂ ಒಂದು ಕೈನೇಸ್ ಅಷ್ಟೆ' ಎಂಬ ಅರ್ಥದ ತಮಾಷೆಯ ಹೆಸರು ಇಟ್ಟರಂತೆ. ಬಳಿಕ ಅದಕ್ಕೆ ಗೌರವ ತಂದವನು ಎರಡು ಮುಖದ ರೋಮನ್ ದೇವರು ಜೇನಸ್. ಈ ಕೈನೇಸಿನಲ್ಲೂ ಒಂದು ನಿಜವಾದ ಮುಖ, ಒಂದು ಹುಸಿ ಮುಖ ಇದ್ದದ್ದರಿಂದ ಹೆಸರು ಹೊಂದಿತು. ಹುಸಿ ಮುಖದ ವಿಷಯಕ್ಕೆ ಮತ್ತೆ ಬರುತ್ತೇನೆ.

ಜ್ಯಾಕ್‌ಗಳು ನಾಲ್ಕೇ ನಾಲ್ಕು, ಅವನ್ನು ನೆಚ್ಚಿಕೊಂಡ ಸಂದೇಶಗಳು ಹತ್ತಾರು. ಪಂಪಿನ ಹೋಲಿಕೆ ಇಲ್ಲಿ ಸಾಲುವುದಿಲ್ಲ. ಗೇಟ್ ವಾಲ್ವನ್ನು ನೆನೆಯಬೇಕು. ತೋಟದ ಕೆಳಗಿನ ತುಂಡಿಗೆ ನೀರು ಹೆಚ್ಚಾಯಿತೆಂದು ಒಂದು ವಾಲ್ವ್ ತಿರುಗಿಸಿದರೆ, ಅದೇ ಪೈಪಿನಿಂದ ಕುಡಿಯುವ ತೆಂಗು, ಬಾಳೆ, ಕಾಳುಮೆಣಸಿನ ಬಳ್ಳಿ ಎಲ್ಲವೂ ಒಣಗುತ್ತವೆ. ಜ್ಯಾಕ್-2 ಉರಿಯೂತದ ಸಂದೇಶವನ್ನೂ ಒಯ್ಯುತ್ತದೆ, ಕೆಂಪು ರಕ್ತಕಣ ಹುಟ್ಟಿಸುವ ಸಂದೇಶವನ್ನೂ ಒಯ್ಯುತ್ತದೆ. ಅದನ್ನು ಹೆಚ್ಚು ಬಿಗಿದರೆ ರಕ್ತಹೀನತೆ. ಇಂಟರ್‌ಫೆರಾನಿನ ದಾರಿ ಮುಚ್ಚಿದರೆ ಎಂದೋ ಬಂದು ನರದಲ್ಲಿ ಮಲಗಿದ್ದ ವೈರಸ್ ಸರ್ಪಸುತ್ತಾಗಿ ಏಳಬಹುದು.

ನನ್ನ ಮಟ್ಟಿಗೆ ಇಡೀ ಕತೆಯ ಗಂಟು ಇಲ್ಲಿದೆ. ಕ್ಯಾನ್ಸರಿನವರು ಮದ್ದಿನೊಂದಿಗೆ ಮಾಡಿಕೊಳ್ಳುವ ಒಪ್ಪಂದವೇ ಬೇರೆ, ಗಂಟುನೋವಿನವರು ಮಾಡಿಕೊಳ್ಳುವುದೇ ಬೇರೆ. ನುಂಗದಿದ್ದರೆ ಸಾವು ಎಂದಿರುವಾಗ ಚರ್ಮದ ಬೊಕ್ಕೆ, ಭೇದಿ, ಕಾಲಿನ ಊತ ಇವನ್ನೆಲ್ಲ ಮನುಷ್ಯ ಸಹಿಸುತ್ತಾನೆ. ನಾಲ್ಕು ಬೇರೆ ಕೈನೇಸ್‌ಗಳಿಗೂ ಪೆಟ್ಟು ಬಿದ್ದರೆ ಬೀಳಲಿ, ಒಮ್ಮೊಮ್ಮೆ ಅದೂ ಲಾಭವೇ. ಚಿಕ್ಕಮ್ಮನಿಗೆ 58 ವರ್ಷ. ಅವರು ಈ ಗುಳಿಗೆಯನ್ನು ಇನ್ನು ಇಪ್ಪತ್ತು ವರ್ಷ ನುಂಗಬೇಕಾಗಬಹುದು. ಇಪ್ಪತ್ತು ವರ್ಷದ ಮದ್ದಿಗೆ ಸಾವಿರದಲ್ಲಿ ಹತ್ತು ಜನರಿಗೆ ಬರುವ ತೊಂದರೆಯೂ ದೊಡ್ಡದೇ. ಮದ್ದು ಕಂಡುಹಿಡಿಯುವವರನ್ನು ಕೆಡವುವುದು ಈ ಲೆಕ್ಕ.

ಎಷ್ಟು ಮಂದಿಯನ್ನು ಕೆಡವಿದೆ ಎಂಬುದಕ್ಕೆ ಪಿ38 ಎಂಬ ಕೈನೇಸಿನ ಉದಾಹರಣೆ ಸಾಕು. ಉರಿಯೂತದ ಮುಖ್ಯ ಸಂದೇಶಗಳ ಉತ್ಪಾದನೆಗೆ ಅದು ಬೇಕು ಎಂದು 1990ರ ದಶಕದಲ್ಲಿ ಗೊತ್ತಾದದ್ದೇ ತಡ, ದೊಡ್ಡ ಕಂಪನಿಗಳೆಲ್ಲ ಅದರ ಬೆನ್ನು ಹತ್ತಿದವು. ಗಾಜಿನ ತಟ್ಟೆಯಲ್ಲಿ ಚೆನ್ನಾಗಿ ಕೆಲಸ ಮಾಡಿತು, ಇಲಿಗಳಲ್ಲೂ ಮಾಡಿತು. ಆಮವಾತದ ರೋಗಿಗಳಲ್ಲಿ ಉರಿಯೂತದ ಸೂಚಕ ಕೆಲವು ವಾರ ಇಳಿದು ಮತ್ತೆ ಮೊದಲಿನ ಜಾಗಕ್ಕೆ ಬಂತು. ಯಕೃತ್ತು ಮುನಿಸಿಕೊಂಡದ್ದು ಬೇರೆ. ತೋಡಿಗೆ ಕಟ್ಟ ಕಟ್ಟಿದವರಿಗೆ ಇದರಲ್ಲಿ ಆಶ್ಚರ್ಯ ಇಲ್ಲ. ಕಲ್ಲು, ಮಣ್ಣು, ಸೋಗೆ ಹಾಕಿ ಎಷ್ಟು ಬಿಗಿದರೂ ಒಂದು ವಾರದಲ್ಲಿ ನೀರು ಪಕ್ಕದ ಬೇರಿನ ಸಂದಿಯಲ್ಲಿ ಹಾದಿ ಮಾಡಿಕೊಂಡಿರುತ್ತದೆ. ಸಿಕ್ ಎಂಬ ಕೈನೇಸನ್ನು ತಡೆಯುವ ಫೊಸ್ಟಮಾಟಿನಿಬ್ ಕೂಡ ಆಮವಾತದಲ್ಲಿ ಸೋತು, 2018ರಲ್ಲಿ ಪ್ಲೇಟ್‌ಲೆಟ್ ಕಡಿಮೆಯಾಗುವ ಬೇರೊಂದು ಕಾಯಿಲೆಯಲ್ಲಿ ನೆಲೆ ಕಂಡುಕೊಂಡಿತು. ಫಿಲ್ಗೊಟಿನಿಬ್‌ಗೆ 2020ರಲ್ಲಿ ಯುರೋಪ್, ಜಪಾನ್ ಹೌದು ಎಂದವು, ಅಮೆರಿಕ ಅಲ್ಲ ಎಂದಿತು.

ಟೊಫಾಸಿಟಿನಿಬ್ ದಡ ಸೇರಿದ್ದು 2012ರ ನವೆಂಬರಿನಲ್ಲಿ. ಅಲ್ಲಿಯವರೆಗೆ, ಮೊದಲು ಕೊಡುವ ಮೆಥೊಟ್ರೆಕ್ಸೇಟಿಗೆ ಬಗ್ಗದ ಆಮವಾತಕ್ಕೆ ಹೆಚ್ಚಾಗಿ ತಣ್ಣಗಿಡಬೇಕಾದ ಚುಚ್ಚುಮದ್ದೇ ಗತಿಯಾಗಿತ್ತು. ಜೂನ್ ತಿಂಗಳ ಗಾಳಿಗೆ ತೆಂಗಿನ ಮಡಲು ತಂತಿಯ ಮೇಲೆ ಬಿದ್ದು ಎರಡು ದಿನ ಕರೆಂಟು ಇಲ್ಲದ ನಮ್ಮ ಊರುಗಳಲ್ಲಿ ಫ್ರಿಜ್ಜಿನಲ್ಲಿಡುವ ಮದ್ದನ್ನು ಕಾಪಾಡುವುದು ಮದ್ದು ಚುಚ್ಚುವುದಕ್ಕಿಂತ ಕಷ್ಟ. ಗುಳಿಗೆಗೆ ಆ ರಗಳೆ ಇಲ್ಲ. ಆದರೆ ಒಪ್ಪಿಗೆ ಕೊಡುವಾಗ ಅಮೆರಿಕದ ನಿಯಂತ್ರಕರು ಒಂದು ಷರತ್ತು ಹಾಕಿದ್ದರು: ದೀರ್ಘಕಾಲದ ಸುರಕ್ಷತೆಯನ್ನು ಪರೀಕ್ಷಿಸಬೇಕು. 50 ದಾಟಿದ, ಹೃದಯದ ಕಾಯಿಲೆಗೆ ಕನಿಷ್ಠ ಒಂದು ಕಾರಣವಾದರೂ ಇರುವ 4,362 ಮಂದಿಯನ್ನು ಸುಮಾರು ನಾಲ್ಕು ವರ್ಷ ನೋಡಿಕೊಂಡ ಆ ಅಧ್ಯಯನ 2022ರ ಜನವರಿಯಲ್ಲಿ ಪ್ರಕಟವಾಯಿತು. ಹೃದಯಾಘಾತ, ಪಾರ್ಶ್ವವಾಯುವಿನಂತಹ ಘಟನೆಗಳು ಹಳೆಯ ಚುಚ್ಚುಮದ್ದಿನವರಲ್ಲಿ ಶೇ. 2.5, ಗುಳಿಗೆಯವರಲ್ಲಿ 3.4, ಕ್ಯಾನ್ಸರು ಅವರಲ್ಲಿ ಶೇ. 2.9, ಇವರಲ್ಲಿ 4.2. ಅದು ಪ್ರಕಟವಾಗುವ ಮೊದಲೇ, 2021ರ ಸೆಪ್ಟೆಂಬರಿನಲ್ಲಿ, ಜ್ಯಾಕ್ ಗುಂಪಿನ ಆಮವಾತದ ಗುಳಿಗೆಗಳೆಲ್ಲಕ್ಕೂ ಕಪ್ಪು ಚೌಕಟ್ಟಿನ ಎಚ್ಚರಿಕೆ, ಅಂದರೆ ಮದ್ದಿನ ಮಾಹಿತಿ ಪತ್ರದಲ್ಲಿ ಹಾಕುವ ಅತ್ಯಂತ ಕಟ್ಟುನಿಟ್ಟಿನ ಎಚ್ಚರಿಕೆ, ಬಿತ್ತು.

ಚಿಕ್ಕಮ್ಮನ ಮಗ ಮೊಬೈಲಿನಲ್ಲಿ ನೋಡಿ ಹೆದರಿದ್ದು ಇದನ್ನೇ. ಕ್ಯಾನ್ಸರಿನ ಮದ್ದಿನ ಮನೆತನದ್ದೇ ಒಂದು ಗುಳಿಗೆ ಕ್ಯಾನ್ಸರ್ ತರಬಹುದು ಎಂದರೆ ಯಾರಿಗೂ ಎದೆ ಧಸಕ್ಕೆನ್ನುತ್ತದೆ. ಅಂಕಿಯನ್ನು ನಿಧಾನವಾಗಿ ಓದಬೇಕು. ನೂರು ಮಂದಿ ನಾಲ್ಕು ವರ್ಷ ನುಂಗಿದರೆ ಹೃದಯದ ಲೆಕ್ಕದಲ್ಲಿ ಸುಮಾರು ಒಬ್ಬರಿಗೆ, ಕ್ಯಾನ್ಸರಿನ ಲೆಕ್ಕದಲ್ಲಿ ಸುಮಾರು ಒಬ್ಬರಿಗೆ ಹೆಚ್ಚುವರಿ ತೊಂದರೆ, ಅದೂ ಚುಚ್ಚುಮದ್ದಿಗೆ ಹೋಲಿಸಿದಾಗ. ಮತ್ತೆ ಬಿಡಿಸಿ ನೋಡಿದರೆ ಆ ಹೆಚ್ಚಳದ ಬಹುಪಾಲು 65 ದಾಟಿದವರ ಮತ್ತು ಸಿಗರೇಟು ಸೇದಿದವರ ಲೆಕ್ಕದಲ್ಲಿ. ಬೀಡಿ ಸಿಗರೇಟು ಮುಟ್ಟದ 58ರ ಹೆಂಗಸಿಗೆ ಅಪಾಯ ಅಷ್ಟಿಲ್ಲ, ಬೆರಳು ಸೊಟ್ಟಗಾಗುವುದು ಮಾತ್ರ ಕಣ್ಣೆದುರಿನ ಸತ್ಯ. ಅದೇ 68ರ, ಎದೆಯಲ್ಲಿ ಸ್ಟೆಂಟ್ ಇರುವ, ಬೀಡಿ ಬಿಡದ ಗಂಡಸಿಗೆ ಇದೇ ಗುಳಿಗೆ ಬರೆಯುವ ವೈದ್ಯರು ಎರಡು ಸಲ ಯೋಚಿಸಬೇಕು. 'ಸುರಕ್ಷಿತವೇ?' ಎಂಬ ಪ್ರಶ್ನೆಗೆ 'ಯಾರಿಗೆ?' ಎಂಬ ಮರುಪ್ರಶ್ನೆ ಹಾಕದೆ ಉತ್ತರವೇ ಇಲ್ಲ.

'ಸುರಕ್ಷಿತ' ಎಂಬ ಮಾತಿಗೆ ಕಾಸರಗೋಡಿನಲ್ಲಿ ಬೇರೆಯೇ ಭಾರ ಉಂಟು. ಎಣ್ಮಕಜೆಯ ಪಡ್ರೆಯ ಮೇಲೆ, ಗೇರು ತೋಪುಗಳ ಮೇಲೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದವರೂ ಇದೇ ಮಾತು ಹೇಳುತ್ತಿದ್ದರು. ಸಿಂಪಡಣೆ ನಿಂತದ್ದು 2000ದಲ್ಲಿ, ಸುಪ್ರೀಂ ಕೋರ್ಟು ದೇಶಕ್ಕೇ ನಿಷೇಧ ಹೇರಿದ್ದು 2011ರಲ್ಲಿ. ವಿಷವನ್ನೂ ಮದ್ದನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನನ್ನ ಉದ್ದೇಶವಲ್ಲ. ಟೊಫಾಸಿಟಿನಿಬ್ ವಿಷಯದಲ್ಲಿ ಮೆಚ್ಚಬೇಕಾದದ್ದು, ಮಾರಾಟಕ್ಕೆ ಬಿಟ್ಟ ಮೇಲೂ ಯಾರೋ ಲೆಕ್ಕ ಇಟ್ಟರು, ಲೆಕ್ಕ ಕೆಟ್ಟದಾಗಿ ಬಂದಾಗ ಅದನ್ನು ಅಚ್ಚು ಹಾಕಿದರು ಎಂಬುದನ್ನು. ಪಡ್ರೆಯಲ್ಲಿ ಅಂತಹ ಲೆಕ್ಕವನ್ನು ಮೊದಲು ಬರೆದಿಟ್ಟವರು ಹಳ್ಳಿಯ ವೈದ್ಯರು ಮತ್ತು ಪತ್ರಕರ್ತರು.

ಈಗ ಹುಸಿ ಮುಖದ ವಿಷಯ. ಜ್ಯಾಕ್ ಮನೆತನದ ನಾಲ್ಕನೆಯದು ಟಿಕ್-2. ಇದರ ನಿಜವಾದ ಮುಖಕ್ಕೆ ಬೆಣೆ ಹೊಡೆದರೆ ಉಳಿದ ಮೂರು ಅಣ್ಣತಮ್ಮಂದಿರಿಗೂ ತಾಗುತ್ತದೆ. ಡ್ಯೂಕ್ರಾವಸಿಟಿನಿಬ್ ಎಂಬ ಮದ್ದು ನಿಜವಾದ ಮುಖವನ್ನು ಬಿಟ್ಟು ಹುಸಿ ಮುಖವನ್ನು ಹಿಡಿಯುತ್ತದೆ. ಅಲ್ಲಿ ಅಣ್ಣತಮ್ಮಂದಿರ ಹೋಲಿಕೆ ಕಡಿಮೆ. ಹುಸಿ ಮುಖವನ್ನು ಹಿಡಿದರೆ ನಿಜವಾದ ಮುಖ ತಾನಾಗಿ ಬಾಯಿ ಮುಚ್ಚುತ್ತದೆ. 2022ರ ಸೆಪ್ಟೆಂಬರಿನಲ್ಲಿ ಸೋರಿಯಾಸಿಸಿಗೆ ಇದು ಒಪ್ಪಿಗೆ ಪಡೆಯಿತು, ಕಪ್ಪು ಚೌಕಟ್ಟಿಲ್ಲದೆ. ಈ ಕ್ಷೇತ್ರದ ಅತ್ಯಂತ ಜಾಣ ಕೆಲಸ ಇದೆಂದು ನನ್ನ ಎಣಿಕೆ. ಆದರೆ ಹುಟ್ಟಿನಿಂದಲೇ ಟಿಕ್-2 ಒಂದು ಬಗೆಯಲ್ಲಿ ದುರ್ಬಲವಾಗಿರುವವರ ವಂಶವಾಹಿ ನೋಡಿದರೆ ಇನ್ನೊಂದು ಸಂಗತಿ ಕಾಣುತ್ತದೆ: ಅಂಥವರಿಗೆ ಸ್ವಯಂನಿರೋಧಕ ಕಾಯಿಲೆಗಳು ಕಡಿಮೆ, ಕ್ಷಯ ಮಾತ್ರ ಹೆಚ್ಚು. ಜಗತ್ತಿನ ಕ್ಷಯರೋಗಿಗಳಲ್ಲಿ ಕಾಲುಭಾಗ ಇರುವ ದೇಶದಲ್ಲಿ ಕೂತು ಇದನ್ನು ಓದುವಾಗ ಸಂತೋಷ ಸ್ವಲ್ಪ ಇಳಿಯುತ್ತದೆ.

ಭಾರತದಲ್ಲೂ ಈ ಕೆಲಸ ನಡೆಯುತ್ತಿದೆ. ಬೆಂಗಳೂರಿನ ಆರಿಜೀನ್ ಪ್ರಯೋಗಾಲಯದ ಸಹಯೋಗದಿಂದ ಬಂದ ಎಮಾವುಸೆರ್ಟಿಬ್ ಎಂಬ ಅಣು ಐರಾಕ್-4 ಎಂಬ ಕೈನೇಸನ್ನು ತಡೆಯುತ್ತದೆ. ಉರಿಯೂತದ ದಾರಿಯಲ್ಲೇ ಕೂತಿರುವ ಈ ಕೈನೇಸ್ ಕೆಲವು ರಕ್ತದ ಕ್ಯಾನ್ಸರುಗಳಲ್ಲೂ ಕೈಯಾಡಿಸುತ್ತದೆ. ಅಣು ಇನ್ನೂ ಪ್ರಯೋಗದ ಹಂತದಲ್ಲಿದೆ. ಆದರೂ ನಮ್ಮ ದೇಶ ಈ ಮನೆತನಕ್ಕೆ ಕೊಟ್ಟ ದೊಡ್ಡ ಕೊಡುಗೆ ಪ್ರಯೋಗಾಲಯದಿಂದ ಬಂದದ್ದಲ್ಲ, ನ್ಯಾಯಾಲಯದಿಂದ ಮತ್ತು ಪೇಟೆಂಟ್ ಕಚೇರಿಯಿಂದ ಬಂದದ್ದು. ನೊವಾರ್ಟಿಸ್ ಕಂಪನಿಯ ಇಮಾಟಿನಿಬ್ ತಿಂಗಳಿಗೆ ಸುಮಾರು 1.2 ಲಕ್ಷ ರೂಪಾಯಿ ಇದ್ದಾಗ ಇಲ್ಲಿನ ಕಂಪನಿಗಳು 8ರಿಂದ 10 ಸಾವಿರಕ್ಕೆ ಕೊಡುತ್ತಿದ್ದವು. ಅದೇ ಮದ್ದಿನ ಬೇರೆ ಹರಳು ರೂಪಕ್ಕೆ ಪೇಟೆಂಟ್ ಬೇಕೆಂಬ ನೊವಾರ್ಟಿಸ್ ವಾದವನ್ನು 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟು ತಳ್ಳಿಹಾಕಿತು. ಗುಣದಲ್ಲಿ ಹೆಚ್ಚಳವಿಲ್ಲದೆ ರೂಪ ಮಾತ್ರ ಬದಲಿಸಿದರೆ ಪೇಟೆಂಟ್ ಇಲ್ಲ ಎನ್ನುವ 3(ಡಿ) ಕಲಮು ಅದಕ್ಕೆ ಆಧಾರ. ಅದಕ್ಕೂ ಒಂದು ವರ್ಷ ಮೊದಲು, 2012ರ ಮಾರ್ಚಿನಲ್ಲಿ, ಬೇಯರ್ ಕಂಪನಿಯ ಸೊರಾಫೆನಿಬ್ ಎಂಬ ಕ್ಯಾನ್ಸರ್ ಮದ್ದನ್ನು ತಯಾರಿಸಲು ಹೈದರಾಬಾದಿನ ನ್ಯಾಟ್ಕೊ ಕಂಪನಿಗೆ ಕಡ್ಡಾಯ ಪರವಾನಗಿ, ಅಂದರೆ ಪೇಟೆಂಟ್ ಇದ್ದವರು ಒಪ್ಪದಿದ್ದರೂ ತಯಾರಿಸಬಹುದೆಂಬ ಪರವಾನಗಿ, ಸಿಕ್ಕಿತ್ತು. ತಿಂಗಳಿಗೆ 2.8 ಲಕ್ಷ ಇದ್ದದ್ದು 8,800ರ ಆಸುಪಾಸಿಗೆ ಇಳಿಯಿತು. ಭಾರತ ಅಂತಹ ಪರವಾನಗಿ ಕೊಟ್ಟದ್ದು ಅದೊಂದು ಸಲ. ಎರಡೂ 'ನಿಬ್'ಗಳೇ ಎಂಬುದನ್ನು ಗಮನಿಸಬೇಕು. 2019ರಲ್ಲಿ 42 ಕ್ಯಾನ್ಸರ್ ಮದ್ದುಗಳ ಮಾರಾಟ ಲಾಭಕ್ಕೆ ಶೇ. 30ರ ಮಿತಿ ಹಾಕಿದಾಗ ಎರ್ಲೋಟಿನಿಬ್‌ನ ಒಂದು ಬ್ರ್ಯಾಂಡು 9,999 ರೂಪಾಯಿಯಿಂದ 900ರ ಕೆಳಗೆ ಬಂತು. ಹಾಗಾದರೆ ಅದುವರೆಗೆ ಉಳಿದ ಒಂಬತ್ತು ಸಾವಿರ ಯಾರ ಜೇಬಿಗೆ ಹೋಗುತ್ತಿತ್ತು ಎಂದು ಉಪ್ಪಳದ ಹಿರಿಯರು ಕೇಳಿದರು. ನಾನು ಕಿಟಕಿಯಾಚೆ ನೋಡಿದೆ.

ಕೇರಳ ಸರಕಾರ 2024ರ ಆಗಸ್ಟಿನಲ್ಲಿ ಕಾರುಣ್ಯ ಔಷಧಾಲಯಗಳಲ್ಲಿ ಲಾಭವಿಲ್ಲದೆ ಕ್ಯಾನ್ಸರ್ ಮದ್ದು ಮಾರುವ ಕೌಂಟರುಗಳನ್ನು ಜಿಲ್ಲೆಗೊಂದರಂತೆ ತೆರೆಯಿತು. ಒಳ್ಳೆಯ ಕೆಲಸ. ಆದರೆ ಕೌಂಟರಿನ ಹೆಸರಲ್ಲೇ ಕ್ಯಾನ್ಸರ್ ಇರುವುದರಿಂದ ಚಿಕ್ಕಮ್ಮನ ಗುಳಿಗೆ ಆ ಲೆಕ್ಕಕ್ಕೆ ಬರುವುದಿಲ್ಲ. ಟೊಫಾಸಿಟಿನಿಬನ್ನು ಈಗ ಹಲವು ಭಾರತೀಯ ಕಂಪನಿಗಳು ತಯಾರಿಸುವುದರಿಂದ ಅವರ ಕೈಗೆ ಎಟಕುತ್ತಿದೆ, ಅಷ್ಟೇ ಸಮಾಧಾನ.

ಬೆಲೆ ಇಳಿಯಿತು ಎಂದಾಗ ಮಾತು ಮುಗಿಯಿತು ಎಂದುಕೊಳ್ಳುವವರ ಜತೆ ನನ್ನ ತಕರಾರು ಇರುವುದು ಈ ಕಡೆಯಿಂದ. ಗುಳಿಗೆ ಮನೆಗೆ ಬಂತು, ಅದನ್ನು ಕಾಯುವ ಪರೀಕ್ಷೆಗಳು ಬರಲಿಲ್ಲ. ಜ್ಯಾಕ್ ಗುಂಪಿನ ಮದ್ದು ಶುರು ಮಾಡುವ ಮೊದಲು ಅಡಗಿದ ಕ್ಷಯ ಇದೆಯೇ, ಯಕೃತ್ತಿನ ವೈರಸ್ ಇದೆಯೇ ಎಂದು ನೋಡಬೇಕು; ಶುರು ಮಾಡಿದ ಮೇಲೆ ರಕ್ತಕಣ, ಯಕೃತ್ತು, ಕೊಲೆಸ್ಟರಾಲ್ ಆಗಾಗ ನೋಡುತ್ತಿರಬೇಕು. ಇಮಾಟಿನಿಬಿನವರಿಗೆ ಮೊದಮೊದಲು ಮೂರು ತಿಂಗಳಿಗೊಮ್ಮೆ ಬಿಸಿಆರ್-ಎಬಿಎಲ್ ಎಷ್ಟು ಉಳಿದಿದೆ ಎಂಬ ಪಿಸಿಆರ್ ಪರೀಕ್ಷೆ ಬೇಕು. ಹಲವು ವರ್ಷ ಆ ಅಂಕಿ ತಳ ಕಂಡವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಗುಳಿಗೆಯನ್ನೇ ನಿಲ್ಲಿಸಿ ಆರಾಮವಾಗಿರಬಹುದು ಎಂದು ಅಧ್ಯಯನಗಳು ತೋರಿಸಿವೆ. ಆದರೆ ನಿಲ್ಲಿಸಿದ ಮೊದಲ ತಿಂಗಳುಗಳಲ್ಲಿ ಪರೀಕ್ಷೆ ಇನ್ನೂ ಪದೇಪದೇ ಆಗಬೇಕು. ತಿಂಗಳಿಗೊಮ್ಮೆ ಒಂದು ದಿನದ ಕೂಲಿ ಬಿಟ್ಟು ಕಾಸರಗೋಡಿನಿಂದ ಐವತ್ತು ಕಿಲೋಮೀಟರು ಬಸ್ಸಿನಲ್ಲಿ ಮಂಗಳೂರಿಗೆ ಹೋಗಬೇಕಾದವನಿಗೆ ಮದ್ದು ನಿಲ್ಲಿಸುವುದಕ್ಕಿಂತ ನುಂಗುತ್ತಲೇ ಇರುವುದು ಅಗ್ಗ.

ನಮ್ಮ ಜಿಲ್ಲೆಯವರಿಗೆ ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರ್ ಇದೆ, ರಾಜ್ಯದ ಇನ್ನೊಂದು ತುದಿಯಲ್ಲಿ ತಿರುವನಂತಪುರದ ಕೇಂದ್ರ ಇದೆ. ಆದರೂ ಮಂಜೇಶ್ವರ, ಕುಂಬಳೆ, ಬದಿಯಡ್ಕದವರ ಕಾಲು ಮಂಗಳೂರಿನ ಕಡೆಗೇ ತಿರುಗುತ್ತದೆ. ಹತ್ತಿರ, ಮತ್ತು ವೈದ್ಯರೊಡನೆ ಕನ್ನಡದಲ್ಲೋ ತುಳುವಿನಲ್ಲೋ ಮಾತಾಡಬಹುದು. ಈ ಅಭ್ಯಾಸ ಎಷ್ಟು ನಾಜೂಕಿನದು ಎಂದು 2020ರ ಮಾರ್ಚಿನಲ್ಲಿ ಗೊತ್ತಾಯಿತು. ಕೊರೋನಾಕ್ಕೆ ಹೆದರಿ ಗಡಿಯ ರಸ್ತೆಗಳಿಗೆ ಮಣ್ಣು ಸುರಿದಾಗ ಆಂಬುಲೆನ್ಸುಗಳು ತಲಪಾಡಿಯಿಂದ ತಿರುಗಿ ಬಂದವು, ಚಿಕಿತ್ಸೆ ಸಿಗದೆ ಜನ ಸತ್ತರು, ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಉಕ್ಕಿನಡ್ಕದಲ್ಲಿ ಮೆಡಿಕಲ್ ಕಾಲೇಜಿಗೆ 2013ರಲ್ಲಿ ಕಲ್ಲು ಹಾಕಿದ್ದರೂ ಆ ಹೊತ್ತಿಗೆ ಅದು ಪೂರ್ಣ ಆಸ್ಪತ್ರೆಯಾಗಿರಲಿಲ್ಲ. ದಿನಾ ನುಂಗುವ ಮದ್ದಿನವರಿಗೆ ಸ್ಟ್ರಿಪ್ಪಿನಲ್ಲಿ ಉಳಿದ ಗುಳಿಗೆ ಎಣಿಸುವುದೇ ಕೆಲಸವಾಗಿತ್ತು. ವಿಚಿತ್ರವೆಂದರೆ ಮರುವರ್ಷ ಅದೇ ಕೊರೋನಾಕ್ಕೆ ಆಮವಾತದ ಇನ್ನೊಂದು ಜ್ಯಾಕ್ ಗುಳಿಗೆ, ಬ್ಯಾರಿಸಿಟಿನಿಬ್, ಮದ್ದಾಗಿ ಬಂತು. 2021ರ ಮೇಯಲ್ಲಿ ಭಾರತ ತುರ್ತು ಬಳಕೆಗೆ ಒಪ್ಪಿತು, ನ್ಯಾಟ್ಕೊ ಕಡ್ಡಾಯ ಪರವಾನಗಿಗೆ ಅರ್ಜಿ ಹಾಕಿತು, ಮೂಲ ಕಂಪನಿ ಇಲೈ ಲಿಲಿ ತಾನಾಗಿಯೇ ಹಲವು ಭಾರತೀಯ ಕಂಪನಿಗಳಿಗೆ ಪರವಾನಗಿ ಹಂಚಿತು. ಸೊರಾಫೆನಿಬ್ ತೀರ್ಪಿನ ನೆನಪು ಇಲ್ಲದಿದ್ದರೆ ಅಷ್ಟು ಬೇಗ ಹಂಚುತ್ತಿರಲಿಲ್ಲ ಎಂದು ನನಗೆ ಅನಿಸುತ್ತದೆ.

ಭಾಷೆಯ ತೊಡಕು ಇನ್ನೊಂದು. ಆಸ್ಪತ್ರೆಯ ಚೀಟಿ ಇಂಗ್ಲಿಷಿನಲ್ಲಿ, ಊರ ಮೆಡಿಕಲ್ ಅಂಗಡಿಯಲ್ಲಿ ವಿವರಣೆ ಮಲಯಾಳದಲ್ಲಿ, ಚಿಕ್ಕಮ್ಮ ಓದುವುದು ಕನ್ನಡ. ಹೊಸ ಮದ್ದಿನ ಪ್ರಯೋಗಕ್ಕೆ ಸೇರುವವರಿಗೆ ಅವರಿಗೆ ಅರ್ಥವಾಗುವ ಭಾಷೆಯಲ್ಲೇ ಒಪ್ಪಿಗೆ ಪತ್ರ ಇರಬೇಕೆಂದು 2019ರ ನಿಯಮ ಹೇಳುತ್ತದೆ. ಮಾರುಕಟ್ಟೆಗೆ ಬಂದ ಮದ್ದನ್ನು ನುಂಗುವವರಿಗೆ ಅಂತಹ ಕಾಳಜಿ ಇಲ್ಲ. ಇದು ಬರೀ ಅಭಿಮಾನದ ಮಾತಾಗಿದ್ದರೆ ಬಿಡಬಹುದಿತ್ತು. ಈ ಮನೆತನದ ಹೆಚ್ಚಿನ ಮದ್ದುಗಳು ಯಕೃತ್ತಿನ ಒಂದೇ ಕಿಣ್ವದಿಂದ ಕರಗುವಂಥವು. ಕ್ಷಯದ ರಿಫಾಂಪಿಸಿನ್ ಆ ಕಿಣ್ವವನ್ನು ಕೆರಳಿಸಿ ಮದ್ದಿನ ಬಲವನ್ನೇ ಇಳಿಸುತ್ತದೆ. ದ್ರಾಕ್ಷಿಹಣ್ಣೆಂದು ತಪ್ಪು ತಿಳಿಯುವ ಗ್ರೇಪ್‌ಫ್ರೂಟ್, ನಮ್ಮ ಹಿತ್ತಿಲ ಚಕ್ಕೋತ ಅದನ್ನು ಮಂಕಾಗಿಸಿ ಮದ್ದಿನ ಮಟ್ಟ ಏರಿಸಬಲ್ಲವು. ಊರಲ್ಲಿ ಎಲ್ಲರೂ ಬೆಳಗ್ಗೆ ನುಂಗುವ ಗ್ಯಾಸಿನ ಗುಳಿಗೆ ಎರ್ಲೋಟಿನಿಬ್, ಗೆಫಿಟಿನಿಬ್, ಡಾಸಾಟಿನಿಬ್‌ಗಳನ್ನು ಹೊಟ್ಟೆಯಲ್ಲಿ ಸರಿಯಾಗಿ ಕರಗಲು ಬಿಡುವುದಿಲ್ಲ. ಗ್ಯಾಸಿನ ಗುಳಿಗೆಯನ್ನು ಯಾರೂ ಮದ್ದೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ, ಆದ್ದರಿಂದ ವೈದ್ಯರಿಗೆ ಹೇಳುವುದೂ ಇಲ್ಲ. ಮದ್ದಿನಿಂದ ತೊಂದರೆ ಕಂಡರೆ ರೋಗಿಯೇ ನೇರವಾಗಿ ತಿಳಿಸಲು ಕೇಂದ್ರ ಸರಕಾರದ ಉಚಿತ ದೂರವಾಣಿ ಉಂಟು, 1800-180-3024. ಈ ಸಂಖ್ಯೆಯನ್ನು ನಾನು ಹತ್ತು ಮಂದಿಯನ್ನು ಕೇಳಿದೆ, ಒಬ್ಬರಿಗೂ ಗೊತ್ತಿರಲಿಲ್ಲ.

ಇಷ್ಟನ್ನೂ ಚಿಕ್ಕಮ್ಮನಿಗೆ ಕೂಡಿದ ಮಟ್ಟಿಗೆ ಹೇಳಿದೆ. ಅವರು ಅಡಿಕೆ ಮಾರಿದ ಲೆಕ್ಕದ ಪುಸ್ತಕವನ್ನು ಹಿಂದುಮುಂದಾಗಿ ತಿರುಗಿಸಿ, ಕೊನೆಯ ಹಾಳೆಯಲ್ಲಿ ಎರಡು ಕಂಬ ಎಳೆದಿದ್ದಾರೆ. ಒಂದರಲ್ಲಿ ಗುಳಿಗೆ, ಒಂದರಲ್ಲಿ ರಕ್ತಪರೀಕ್ಷೆ. ಕ್ಷಯದ ಪರೀಕ್ಷೆ ಆಯಿತು, ಇಲ್ಲವೆಂದು ಬಂತು. ಉಪ್ಪಳದವರ ಮುಂದಿನ ತಾರೀಕನ್ನೂ ಕೇಳಿ ಬರೆದುಕೊಂಡಿದ್ದಾರೆ, ಒಂದೇ ಬಸ್ಸಿಗೆ ಹೋಗಬಹುದಲ್ಲ ಎಂದು. ಮುಂದಿನ ಸಲದ ದಿನ ಗೊತ್ತುಮಾಡಲು ನಾನು ಕ್ಯಾಲೆಂಡರ್ ತೆಗೆದಾಗ ಅವರೆಂದರು:

"ದಿನ ಆಮೇಲೆ ನೋಡು ಮಾಣಿ. ಅವತ್ತು ಹರತಾಳ ಉಂಟೋ ಎಂದು ಮೊದಲು ವಿಚಾರಿಸು."